ನೀರಿಲ್ಲದ ಹರದಾರಿ

ಶ್ರೀಶೈಲಕ್ಕೆ ನಡೆದು ಹೋಗುವ ಜನ ಯುಗಾದಿಗೆ ಮುಂಚೆ ನಮ್ಮ ಕುಷ್ಟಗಿಯ ಮೇಲೆಯೇ ಹಾದು ಹೋಗುತ್ತಿದ್ದರು. ಪಡುವಣ ಸೀಮೆಯಿಂದ ಹೊರಟವರು ಹನುಮಸಾಗರದಲ್ಲಿ ಒಂದು ರಾತ್ರಿ ಉಳಿದು, ಮರುದಿನ ಹೊತ್ತು ಮುಳುಗುವುದರೊಳಗೆ ಕುಷ್ಟಗಿ ಮುಟ್ಟಬೇಕು. ಇಡೀ ಹಾದಿಯಲ್ಲಿ ಇದೊಂದು ದಿನದ ನಡಿಗೆಯೇ ಜೀವ ತೆಗೆಯುವಂಥದ್ದು ಎಂದು ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕಾಲು ಒತ್ತಿಕೊಳ್ಳುತ್ತ ಹೇಳುತ್ತಿದ್ದರು. ಐದು ಹರದಾರಿಗೂ ಮಿಕ್ಕಿದ ದೂರ. ನೆರಳು ಕಡಿಮೆ, ನೀರು ಇನ್ನೂ ಕಡಿಮೆ.

ಆ ಹಾದಿಯನ್ನು ನಾನು ಒಮ್ಮೆ ನಡೆದಿದ್ದೇನೆ. ನಡೆದದ್ದು ಒಂದೇ ದಿನ, ಅದಕ್ಕೆ ತಯಾರಾಗಿದ್ದು ಒಂದು ತಿಂಗಳು. ದೊಡ್ಡ ಯುದ್ಧ ಶುರುವಾಗಿ ಎರಡನೆಯ ವರ್ಷ ಅದು. ನನಗೆ ಇಪ್ಪತ್ತೆರಡು ತುಂಬಿತ್ತು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಗಂಡನ ಊರು ನಮ್ಮ ನವಾಬರ ಮೊಗಲಾಯಿಯ ಗಡಿ ದಾಟಿ, ಇಂಗ್ರೇಜಿ ಸೀಮೆಯಲ್ಲಿತ್ತು. ಹನುಮಸಾಗರದ ಮೇಲೆ ಹಾದು ಗಾಡಿಯಲ್ಲಿ ಎರಡು ದಿನದ ಹಾದಿ. ಮನೆಯಲ್ಲಿ ನನ್ನ ಗಂಡ, ಅವನ ತಾಯಿ, ಎರಡು ಎತ್ತು ಇಷ್ಟೇ. ಹದಿನಾರಕ್ಕೆ ಬಾಳುವೆ ಮಾಡಲು ಹೋದ ನನಗೆ ತವರು ಬಹಳ ನೆನಪಾಗುತ್ತಿತ್ತು. ಸಂಜೆ ರೊಟ್ಟಿ ಬಡಿಯುತ್ತ ನಾನು ತವರ ಹಾದಿಯ ಗುರುತುಗಳನ್ನು ಒಂದೊಂದಾಗಿ ಹೇಳುತ್ತಿದ್ದೆ: ಮೊದಲು ಹಳ್ಳ, ಆಮೇಲೆ ಬೇವಿನ ಗಿಡದ ಬಾವಿ, ಆಮೇಲೆ ಕಲ್ಲುಗುಡ್ಡದ ಮೊರಡಿ. ಗಂಡ ಒಲೆಯ ಮುಂದೆ ಕುಳಿತು ಕೇಳುತ್ತಿದ್ದ. "ನಿಮ್ಮೂರು ಬರಾಕ ಇನ್ನೂ ಎಷ್ಟು ರೊಟ್ಟಿ ಬೇಕು?" ಎಂದು ನಗುತ್ತಿದ್ದ. ಅತ್ತೆ ನಗುತ್ತಿರಲಿಲ್ಲ, ಆದರೆ ಕೇಳುತ್ತಿದ್ದರು.

ಮೊದಲ ಹೆರಿಗೆಗೆ ತವರಿಗೆ ಬಂದೆ. ಹುಟ್ಟಿದ ಕೂಸು ಒಂಬತ್ತು ದಿನ ಇತ್ತು. ಅದು ಹೋದ ಮೇಲೆ ನನಗೆ ಬಾಣಂತಿ ಜ್ವರ ಹತ್ತಿತು. ನಾನು ಹಾಸಿಗೆಯಲ್ಲಿರುವಾಗಲೇ ಅತ್ತ ಗಂಡನಿಗೂ ವಿಷಮಜ್ವರ ಬಂದಿತ್ತು. ಬುಧವಾರ ಸಂಜೆ ಅಪ್ಪ ನನ್ನ ಪಕ್ಕದಲ್ಲಿ ಕುಳಿತು, "ಅಳಿಯಾಗ ಆರಾಮಿಲ್ಲಂತ, ನಾಳಿ ಹೋಗೂಣು" ಎಂದ. ಗುರುವಾರ ಗಾಡಿ ಕಟ್ಟಿ ಹೊರಟು ಶುಕ್ರವಾರ ಸಂಜೆ ಮುಟ್ಟಿದೆವು. ಗುರುವಾರ ಬೆಳಗಿನ ಜಾವಕ್ಕೇ ಅವನ ಜೀವ ಹೋಗಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಮಣ್ಣು ಒಣಗಿದ ಮ್ಯಾಲ ಬಂದಿ" ಎಂದರು. ದಿನದ ಕಾರ್ಯಗಳೆಲ್ಲ ಮುಗಿಯುವವರೆಗೆ ಆ ಮನೆಯಲ್ಲಿದ್ದೆ. ಅವರು ನನ್ನ ಜೊತೆ ಮತ್ತೊಂದು ಮಾತು ಆಡಲಿಲ್ಲ. ನಾನು ತವರಿಗೆ ಮರಳಿದೆ. ನಾಲ್ಕು ವರ್ಷ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಒಂದು ಸುದ್ದಿಯೂ ಹೋಗಲಿಲ್ಲ, ಬರಲಿಲ್ಲ.

ಶಿವರಾತ್ರಿಗೆ ಎರಡು ವಾರ ಮುಂಚೆ ಗಂಡನ ಊರಿನ ಬಳೆಗಾರ ನಮ್ಮ ಬಾಗಿಲಿಗೆ ಬಂದ. ಊರೂರು ತಿರುಗಿ ಬಳೆ ತೊಡಿಸುವವನು. ನಮ್ಮ ಮನೆಯಲ್ಲಿ ಬಳೆ ಹಾಕಿಕೊಳ್ಳುವವರು ಯಾರೂ ಇರಲಿಲ್ಲ. ಅವ್ವ ನಾನು ಸಣ್ಣಾಕಿ ಇದ್ದಾಗಲೇ ಸತ್ತಿದ್ದಳು. ಬಳೆಗಾರ ಬಳೆಸರಗಳ ಮಲಾರವನ್ನು ಹೆಗಲಿನಿಂದ ಇಳಿಸದೆ, ನಿಂತೇ ಹೇಳಿದ: "ನಿಮ್ಮ ಅತ್ತಿಯಾರು ಈ ಸಲ, ಇನ್ನೊಂದು ತಿಂಗಳಿಗೆ, ಶ್ರೀಶೈಲಕ್ಕ ಹೊಂಟಾರವಾ. ಹನುಮಸಾಗರದಿಂದ ಕುಷ್ಟಗಿ ತನಕ ಒಂದ ದಿನ ನನ್ನ ಜೋಡಿ ನಡಿ ಅಂತ ಹೇಳಿ ಕಳಿಸ್ಯಾರ. ಬಂದ್ರ ಬರ್ಲಿ, ಬರದಿದ್ರ ಇಲ್ಲ ಅಂದಾರ."

ಅಪ್ಪ ಅಲ್ಲೇ ಕುಳಿತಿದ್ದ. ಬಳೆಗಾರನ ಮುಖ ನೋಡಲಿಲ್ಲ. ಅವನು ಹೋದ ಮೇಲೆ, "ಹೋಗು. ಆದ್ರ ಹಂಗ ಎದ್ದು ಹೋಗೂ ಹಾದಿ ಅಲ್ಲ ಅದು. ನಾ ಹೇಳ್ತೀನಿ" ಎಂದ.

ಆ ಹಾದಿಯನ್ನು ಅಪ್ಪನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಇಪ್ಪತ್ತು ವರ್ಷ ಅವನು ಟಪಾಲು ಹೊತ್ತು ಓಡಿದವನು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಕುಷ್ಟಗಿಯಿಂದ ಹೊರಟರೆ ಬೇವಿನ ಗಿಡದ ಬಾವಿಯವರೆಗೆ ಓಟ. ಹನುಮಸಾಗರದ ಕಡೆಯವನು ಅಲ್ಲಿಗೆ ಬರುತ್ತಿದ್ದ. ಇಬ್ಬರೂ ಚೀಲ ಬದಲಿಸಿಕೊಂಡು ತಿರುಗುತ್ತಿದ್ದರು. ಆಮೇಲೆ ಅಪ್ಪನ ಬಲಗಾಲಿಗೆ ನಾರುಹುಣ್ಣು ಆಯಿತು. ಹುಳು ಪೂರ್ತಿ ಹೊರಗೆ ಬರದೆ ಒಳಗೇ ಹರಿದು, ಕಾಲಿನ ಹರಡು ಕಲ್ಲಿನಂತೆ ಬಿಗಿದುಕೊಂಡಿತು. ಕೆಲಸ ಹೋಯಿತು. ಈಗ ಬಾಗಿಲಿನಿಂದ ಕಟ್ಟೆಗೆ ಬರಲೂ ಕೋಲು ಬೇಕಾಗಿತ್ತು.

ಮರುದಿನ ಮುಂಜಾನೆ ಅಂಗಳ ಗುಡಿಸಿ ನೀರು ಹಾಕಿಸಿದ. ತಾನೇ ಬಗ್ಗಿ ಕೋಲಿನ ತುದಿಯಿಂದ ನೆಲದ ಮೇಲೆ ಉದ್ದನೆಯ ಗೆರೆ ಎಳೆದ. ಹನುಮಸಾಗರ ತುಳಸಿಕಟ್ಟೆಯ ಕಡೆಗೆ, ಕುಷ್ಟಗಿ ಹೊಸ್ತಿಲ ಕಡೆಗೆ. ನೀರಿದ್ದಲ್ಲಿ ಒಂದು ಕಲ್ಲು ಇಟ್ಟ, ನೆರಳಿದ್ದಲ್ಲಿ ಬೇವಿನ ಕಡ್ಡಿ ನೆಟ್ಟ.

"ಬೆಳ್ಳಿ ಮೂಡೂದಕ್ಕ ಬಿಡಬೇಕು" ಎಂದ. "ಬಿಸಿಲು ಏರೂದರೊಳಗ ಎರಡು ಹರದಾರಿ ಮುಗೀಬೇಕು. ಹಳ್ಳ ಬತ್ತಿರ್ತೈತಿ. ಉಸುಕಿನ್ಯಾಗ ಮೊಳಕೈ ಆಳ ತೋಡಿದ್ರ ನೀರು ಬರ್ತಾವ. ಸೀರಿ ಸೆರಗು ನಾಕು ಪದರ ಮಾಡಿ ಸೋಸಿ ಕುಡಿ. ಮೆಟ್ಟಲಾ ಇಳಿದು ತುಂಬೂ ಬಾವಿ ನೀರು ಮಾತ್ರ ಮುಟ್ಟಬ್ಯಾಡ, ಹಗ್ಗ ಬಿಟ್ಟು ಸೇದೂ ಬಾವಿಗೆ ಅಡ್ಡಿಯಿಲ್ಲ. ನನ್ನ ಕಾಲು ನೋಡೀಯಲ್ಲ?"

ದಿನವೂ ಹೀಗೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದ. ನಸುಕಿನಲ್ಲಿ ಎದ್ದು ಕೆರೆಯ ಏರಿಯವರೆಗೆ ನಡೆದು ಬಾ ಎನ್ನುತ್ತಿದ್ದ. ಮೊದಲ ವಾರ ಒಂದು ಸಲ, ಎರಡನೆಯ ವಾರ ಎರಡು ಸಲ, ಆಮೇಲೆ ತಲೆಯ ಮೇಲೆ ತುಂಬಿದ ಕೊಡ ಹೊತ್ತು. ಗಂಡ ಸತ್ತವಳು ಹೀಗೆ ನಸುಕಿನಲ್ಲಿ ಎಲ್ಲಿಗೆ ಹೋಗುತ್ತಾಳೆ ಎಂದು ಓಣಿಯವರು ಕೇಳಿದರು. "ನಾ ಕಳಿಸೀನಿ" ಎಂದು ಅಪ್ಪ ಕಟ್ಟೆಯಿಂದಲೇ ಉತ್ತರ ಕೊಟ್ಟ. ಮಧ್ಯಾಹ್ನ ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಿದ್ದ. ಸಂಜೆ ಅಂಗಾಲಿಗೆ ಔಡಲ ಎಣ್ಣೆ ತಿಕ್ಕಿಕೊಳ್ಳಲು ಹೇಳುತ್ತಿದ್ದ. ಕಟ್ಟಿಕೊಳ್ಳುವ ಬುತ್ತಿಯನ್ನೂ ಅವನೇ ಗೊತ್ತುಮಾಡಿದ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ಹೆಂಟೆ. ಬಿಸಿಲು ಬಡಿಯದಂತೆ ಸೆರಗಿನಲ್ಲಿ ಎರಡು ಉಳ್ಳಾಗಡ್ಡಿ. ನೀರಿಗೆ ಮಣ್ಣಿನ ತತ್ರಾಣಿ, ಅದಕ್ಕೆ ಸುತ್ತಲು ಒದ್ದೆ ಗೋಣಿ. ನಾಲ್ಕು ವರ್ಷದಲ್ಲಿ ಅವನು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೂ ಒಳಗೊಳಗೇ ಹುರುಪು ಬಂದಿತ್ತೆಂದು ಹೇಳಲು ಈಗ ಸಂಕೋಚವಾಗುತ್ತದೆ.

ಎರಡನೆಯ ವಾರದ ಕೊನೆಗೆ ಮೂರನೆಯ ಹರದಾರಿಗೆ ಬಂದೆವು. ಅಪ್ಪ ಬೇವಿನ ಗಿಡದ ಬಾವಿಯ ಕಲ್ಲನ್ನು ಇಟ್ಟ, ಕಡ್ಡಿ ನೆಟ್ಟ, ಮತ್ತೆ ಆ ಕಲ್ಲನ್ನು ಕೈಗೆ ತೆಗೆದುಕೊಂಡು ಹೊರಳಿಸುತ್ತ ಕುಳಿತ.

"ಇಲ್ಲೇ ಆ ಬಳಿಗಾರ ನನಗ ಸಿಕ್ಕಿದ್ದ" ಎಂದ.

"ಯಾವಾಗ?"

"ಆವಾಗ. ನಿನ್ನ ಗಂಡಗ ಜಡ್ಡ ಆದಾಗ. ಸೋಮಾರ ದಿವಸ." ಅವನು ಕಲ್ಲನ್ನು ನೋಡುತ್ತಲೇ ಹೇಳಿದ. "ನಿಮಗ ಸುದ್ದಿ ತಂದೀನಿ, ನಿಮ್ಮ ಅಳಿಯಾಗ ಭಾಳ ಆಗೈತಿ, ಮಗಳನ್ನ ಕಳಸ್ರಿ ಅಂದ. ಅಂವ ಬ್ಯಾರೆ ಊರಿಗೆ ಹೊಳ್ಳಿ ಹೋದ. ನಾ ಮನಿಗೆ ಬಂದೆ. ನಿನ್ನ ಮೈ ಕೆಂಡ ಆಗಿತ್ತು. ಕೂಸು ಹೋಗಿ ಐದ ದಿನ. ಗಾಡ್ಯಾಗ ಹಾಕಿದ್ರ ಹಾದ್ಯಾಗ ನೀನೂ ಹೋಗ್ತಿ ಅನ್ನಿಸ್ತು. ವಯಸ್ಸಿನ ಹುಡುಗ, ಅವನ ಜ್ವರ ಇಳೀತಾವ ಅಂದ್ಕೊಂಡೆ. ಮಂಗಳಾರನೂ ಹೇಳಲಿಲ್ಲ. ಬುಧವಾರ ನೀ ಎದ್ದು ಗಂಜಿ ಕುಡಿದಿ. ಆವಾಗ ಹೇಳಿದೆ."

ನಾನು ಲೆಕ್ಕ ಹಾಕಿದೆ. ಹಾಕಬಾರದೆಂದರೂ ಅದು ತಾನೇ ಆಯಿತು. ಮಂಗಳವಾರ ಮುಂಜಾನೆ ಹೊರಟಿದ್ದರೆ ಬುಧವಾರ ಸಂಜೆ. ಅವನು ಇನ್ನೂ ಇದ್ದ.

ಒಳಗೆ ಹೋದೆ. ಎರಡು ದಿನ ಕೆರೆಯ ಕಡೆ ನಡೆಯಲಿಲ್ಲ, ಅಂಗಳಕ್ಕೂ ಬರಲಿಲ್ಲ. ರೊಟ್ಟಿ ಮಾಡಿ ಅವನ ಮುಂದೆ ಇಟ್ಟು ತಿರುಗಿ ಬರುತ್ತಿದ್ದೆ. ಅವನು ತಿಂದನೋ ಇಲ್ಲವೋ ನೋಡಲಿಲ್ಲ. ಇಪ್ಪತ್ತು ವರ್ಷ ಯಾರ್‍ಯಾರದೋ ಸುದ್ದಿಯನ್ನು ಮಳೆಯಲ್ಲಿ, ಬಿಸಿಲಲ್ಲಿ ಓಡಿಕೊಂಡು ಮುಟ್ಟಿಸಿದವನು ನನ್ನ ಸುದ್ದಿಯನ್ನು ಎರಡು ದಿನ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ನನ್ನ ಜೀವ ಉಳಿಸಲೆಂದೇ ಇಟ್ಟುಕೊಂಡಿದ್ದ. ಆ ಎರಡೂ ಮಾತು ನಿಜ. ಯಾವುದನ್ನು ಹಿಡಿಯಬೇಕೋ ನನಗೆ ತಿಳಿಯಲಿಲ್ಲ.

ಮೂರನೆಯ ದಿನ ಹೊರಗೆ ಬಂದರೆ ಅಪ್ಪ ಅದೇ ಗೆರೆಯ ಪಕ್ಕ ಕುಳಿತಿದ್ದ. ಕಲ್ಲು ಕಡ್ಡಿ ಯಾವುದೂ ಕದಲಿರಲಿಲ್ಲ. ಕೋಳಿಗಳು ಬಂದರೆ ಕೋಲಿನಿಂದ ಓಡಿಸುತ್ತಿದ್ದ.

"ನಾಕನೇ ಹರದಾರಿ ಹೇಳು" ಎಂದೆ.

ಅವನು ಕೋಲಿನ ತುದಿಯನ್ನು ಬಾವಿಯ ಕಲ್ಲಿನಾಚೆ ಗೆರೆಯ ಮೇಲೆ ಊರಿದ. "ಬಾವಿ ಬಿಟ್ಟ ಮ್ಯಾಲ ಮೊರಡಿ ಏರು. ಒಂದು ಹರದಾರಿ ಪೂರಾ ಕಲ್ಲು. ಗಿಡ ಇಲ್ಲ, ನೀರಿಲ್ಲ. ಹೊತ್ತು ಇಳಿದ ಮ್ಯಾಲ ಏರ್ರಿ. ಅಲ್ಲಿ ಮಾತಾಡಬ್ಯಾಡ, ಬಾಯಿ ಒಣಗತೈತಿ." ಆಮೇಲೆ ಹೇಳಿದ: "ನಿಮ್ಮ ಅತ್ತಿ ಕೇಳೇ ಕೇಳ್ತಾಳ. ಕೇಳಾಕ ಕರದಾಳ. ಕೇಳಿದ್ರ ನನ್ನ ಹೆಸರು ಹೇಳು. ಆದ್ರ ಬಾವಿ ಹತ್ರ ಹೇಳು. ಅಲ್ಲಿ ನೆರಳೈತಿ, ನೀರೈತಿ. ನೀರಿಲ್ಲದ ಕಡೆ ಅಳೂ ಮಾತು ತಗೀಬ್ಯಾಡ."

ಗೊತ್ತಾದ ದಿನದ ಮುನ್ನಾದಿನ ಶೇಂಗಾ ಚೀಲ ಒಯ್ಯುವ ಗಾಡಿಯೊಂದರಲ್ಲಿ ಹನುಮಸಾಗರಕ್ಕೆ ಹೋದೆ. ಶ್ರೀಶೈಲದ ಜನ ಊರ ಹೊರಗಿನ ಮಠದ ಅಂಗಳದಲ್ಲಿ ಇಳಿದಿದ್ದರು. ನಲವತ್ತು ಐವತ್ತು ಮಂದಿ. ಅತ್ತೆಯನ್ನು ಗುರುತು ಹಿಡಿಯಲು ತಡವಾಯಿತು. ನನ್ನ ನೆನಪಿನಲ್ಲಿ ಅವರು ಬಾಗಿಲು ತುಂಬ ನಿಂತ ಹೆಂಗಸು. ಇಲ್ಲಿ ಒಂದು ಗಂಟು ಪಕ್ಕಕ್ಕಿಟ್ಟುಕೊಂಡು, ಅದರಷ್ಟೇ ಆಗಿ ಕುಳಿತಿದ್ದರು.

"ಬಂದ್ಯಾ" ಎಂದರು.

"ಬಂದೆ, ಅತ್ತಿ."

"ಕಾಲಾಗ ಶಕ್ತಿ ಐತೇನು?"

"ಐತಿ."

ಬೆಳ್ಳಿ ಮೂಡಿದಾಗ ಎಲ್ಲರೂ ಎದ್ದು ಹೊರಟೆವು. ಮಲ್ಲಯ್ಯನ ಹೆಸರು ಹೇಳುತ್ತ ಮುಂದಿನವರು ಬೇಗ ಬೇಗ ನಡೆದರು. ಅತ್ತೆಗೆ ಅಷ್ಟು ವೇಗ ಆಗುತ್ತಿರಲಿಲ್ಲ. ಬೆಳಕು ಹರಿಯುವುದರೊಳಗೆ ನಾವಿಬ್ಬರೂ ಹಿಂದೆ ಬಿದ್ದೆವು. ಅಪ್ಪ ಹೇಳಿದಂತೆಯೇ ಎಲ್ಲವೂ ಬಂತು. ಹಳ್ಳ ಬತ್ತಿತ್ತು. ಉಸುಕು ತೋಡಿದೆ, ನೀರು ಒಸರಿತು, ಸೆರಗಿನಲ್ಲಿ ಸೋಸಿ ತತ್ರಾಣಿ ತುಂಬಿದೆ. ಅತ್ತೆ ನೋಡುತ್ತ ನಿಂತಿದ್ದರು.

"ಇದ ಹಳ್ಳೇನು?" ಎಂದು ಕೇಳಿದರು.

"ಹೂನ್ರಿ, ಇದ."

ಅವರು ಆಚೆ ದಡವನ್ನೂ ಈಚೆ ದಡವನ್ನೂ ನೋಡಿದರು. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಬಾವಿ ಸಿಕ್ಕಿತು. "ಇದ ಏನು ಬೇವಿನ ಗಿಡದ ಬಾವಿ?" ಎಂದರು. ಹೌದೆಂದೆ. ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಅವರು ಅರ್ಧ ರೊಟ್ಟಿ ತಿಂದರು. ಉಳಿದವರು ಆಗಲೇ ನೀರು ಕುಡಿದು ಮುಂದೆ ಹೋಗಿದ್ದರು. ಹೇಳಬೇಕಾದದ್ದನ್ನು ಅಲ್ಲಿಯೇ ಹೇಳಬೇಕಿತ್ತು. ಅಪ್ಪ ನಿಂತ ಜಾಗ ಇದೇ ಇರಬೇಕು, ಬಳೆಗಾರ ಮಲಾರ ಇಳಿಸಿದ್ದು ಆ ಕಲ್ಲಿನ ಮೇಲೆ ಇರಬೇಕು ಎಂದು ನೋಡುತ್ತ ಕುಳಿತೆ. ನನ್ನ ಬಾಯಿ ತೆರೆಯಲಿಲ್ಲ. ಅತ್ತೆ ಗಂಟಿನ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿದರು. ಮಲಗಿದ ಮನುಷ್ಯರನ್ನು ಎಬ್ಬಿಸಿ ಹೇಳುವ ಮಾತಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಹೊತ್ತು ಇಳಿದ ಮೇಲೆ ಮೊರಡಿ ಏರತೊಡಗಿದೆವು. ಕಲ್ಲು ಒಲೆಯಂತೆ ಕಾದಿತ್ತು. ಅರ್ಧ ಏರಿರಬಹುದು. ಅತ್ತೆ ನಡೆಯುತ್ತಲೇ, ನನ್ನ ಕಡೆ ನೋಡದೆ ಮಾತು ಶುರುಮಾಡಿದರು.

"ಅಂವ ನಿನ್ನ ಕೇಳ್ತಿದ್ದ. ಬಂದ್ಲೇನು, ಬಂದ್ಲೇನು ಅಂತ. ಸೋಮಾರ ಸುದ್ದಿ ಮುಟ್ಟಿರ್ತೈತಿ ಅಂತ ನನಗೂ ಧೈರ್ಯ ಇತ್ತು. ಮಂಗಳಾರ ಮುಂಜಾನೆ, ಈಗ ಹೊಂಟಾಳ ಅಂದೆ. ನೀ ರೊಟ್ಟಿ ಬಡಿಯೂ ಮುಂದ ಹೇಳ್ತಿದ್ದಿ ನೋಡು, ಅದೆಲ್ಲಾ ನನಗ ನೆನಪಿತ್ತು. ಮೊರಡಿ ಇಳಿದ್ಲು ಅಂದೆ. ಬಾವಿ ಹತ್ರ ಬುತ್ತಿ ಬಿಚ್ಯಾಳ ಅಂದೆ. ಹಳ್ಳ ದಾಟಿದ್ಲು ಅಂದೆ. ಹನುಮಸಾಗರದಾಗ ವಸ್ತಿ ಮಾಡ್ಯಾಳ, ಮಲಗು ಅಂದೆ. ಮಲಗಿದ. ಬುಧವಾರ ಮತ್ತ ಕೇಳಿದ. ಸಂಜೀಕ ಊರ ಅಗಸಿಗೆ ಬಂದಾಳ ಅಂದೆ." ಅವರು ಉಸಿರು ಎಳೆದುಕೊಂಡರು. "ಅಗಸಿ ದಾಟಿದ ಮ್ಯಾಲ ಹೇಳಾಕ ನನ್ನ ಹತ್ರ ಏನೂ ಉಳೀಲಿಲ್ಲ. ಅಂವ ಬಾಗಲಾ ನೋಡಕೋತ ಇದ್ದ. ಬೆಳಗಾಗೂದರೊಳಗ ಹ್ವಾದ."

ನಾಲ್ಕು ಹೆಜ್ಜೆ ಏರಿ, ಮೊದಲ ಸಲ ನನ್ನ ಕಡೆ ತಿರುಗಿದರು.

"ಯಾಕ ಬರಲಿಲ್ಲ ನೀ?" ಎಂದರು.

ಬೆಳಗಿನಿಂದ ಎಷ್ಟು ಬಗೆಯಲ್ಲಿ ಜೋಡಿಸಿಟ್ಟುಕೊಂಡ ಉತ್ತರ ಅದು. "ನನಗ ಬುಧವಾರ ಸಂಜೀಕ ಗೊತ್ತಾತ್ರಿ, ಅತ್ತಿ" ಎಂದಷ್ಟೇ ಹೇಳಿದೆ. "ಅಪ್ಪ ಎರಡ ದಿನ ಹೇಳಲಿಲ್ಲ. ಕೂಸು ಹೋಗಿತ್ತು. ನನಗೂ ಜ್ವರ ಭಾಳ ಇದ್ವು. ಹಾದ್ಯಾಗ ಸಾಯ್ತಾಳಂತ ಅಂಜಿದ."

ಅತ್ತೆ ನಿಂತರು. ಆಮೇಲೆ ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ಕಾದ ಕಲ್ಲು ಎಂದು ತೋಳು ಹಿಡಿದು ಎಬ್ಬಿಸಲು ಹೋದೆ. ಏಳಲಿಲ್ಲ. ಅವರು ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ದನಿ ಇರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ನಾನು ಅವರ ಮೇಲೆ ಸೆರಗು ಹಿಡಿದು ನೆರಳು ಮಾಡಿ ನಿಂತೆ. ತತ್ರಾಣಿಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ, ಉಳಿದದ್ದನ್ನು ತಲೆಗೆ ಹಾಕಿದೆ. ನೀರು ಮುಗಿಯಿತು. ಅವರ ತುಟಿ ಬಿಳಿಚಿಕೊಂಡಿತ್ತು. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದೆ. ಹಿಂದೆ ಮುಂದೆ ಯಾರೂ ಇರಲಿಲ್ಲ.

"ನಾಕು ವರ್ಷ ನಿನ್ನ ಬೈದೀನಿ" ಎಂದರು ಎಷ್ಟೋ ಹೊತ್ತಿನ ಮೇಲೆ. "ದಿನಾ ಬೈದೀನಿ. ದೀಪ ಹಚ್ಚೂ ಮುಂದನೂ ಬೈದೀನಿ." ನನ್ನ ಕೈ ಹಿಡಿದು ಎದ್ದರು. ಆ ಕೈಯನ್ನು ಮೊರಡಿ ಇಳಿಯುವವರೆಗೆ ಬಿಡಲಿಲ್ಲ.

ಕುಷ್ಟಗಿಯ ಹೊಲಗಳು ಕಾಣುವಾಗ ಹೊತ್ತು ಮುಳುಗಿತ್ತು. ಅತ್ತೆಯ ಅಂಗಾಲು ಬೊಕ್ಕೆ ಒಡೆದು, ಹೆಜ್ಜೆ ಇಟ್ಟಲ್ಲೆಲ್ಲ ತೇವ ಉಳಿಯುತ್ತಿತ್ತು. ಎದುರಿನಿಂದ ಒಬ್ಬರು ಕುಂಟುತ್ತ ಬರುವುದು ಕಂಡಿತು. ಅಪ್ಪ. ಮುಂದೆ ಹೋದವರು ಊರು ಮುಟ್ಟಿ, ಇಬ್ಬರು ಹೆಂಗಸರು ಹಿಂದೆ ಉಳಿದಿದ್ದಾರೆಂದು ಹೇಳಿದ್ದರಂತೆ. ಬಾಗಿಲಿನಿಂದ ಕಟ್ಟೆಗೆ ಬರಲು ಕಷ್ಟಪಡುವವನು ಊರು ದಾಟಿ ಅರ್ಧ ಹರದಾರಿ ಬಂದಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ. ದಾರಿಯಲ್ಲಿ ತುಳುಕಿ ಅರ್ಧ ಉಳಿದಿತ್ತು.

"ಯಕ್ಕಾ, ನೀರು ಕುಡೀರಿ" ಎಂದು ಅತ್ತೆಯ ಮುಂದೆ ಹಿಡಿದ.

ಅತ್ತೆ ತಂಬಿಗೆಯನ್ನು ನೋಡಿದರು, ಅವನ ಕಾಲನ್ನು ನೋಡಿದರು. "ಬೀಗರ" ಎಂದರು, "ನನ್ನ ಮಗ ಬಾಗಲಾ ನೋಡಕೋತ ಹ್ವಾದ."

"ಹೌದ್ರಿ" ಎಂದ ಅಪ್ಪ. ತಪ್ಪಾಯಿತು ಎಂದೂ ಅನ್ನಲಿಲ್ಲ, ಮಗಳನ್ನು ಉಳಿಸಿಕೊಂಡೆ ಎಂದೂ ಅನ್ನಲಿಲ್ಲ. ತಂಬಿಗೆ ಹಿಡಿದ ಕೈ ಹಾಗೇ ಇತ್ತು. ಅತ್ತೆ ಅದನ್ನು ಮುಟ್ಟದೆ ಮುಂದೆ ನಡೆದರು. ಆ ನೀರನ್ನು ನಾನು ಕುಡಿದೆ. ನನಗೂ ಬಾಯಿ ಒಣಗಿತ್ತು.

ಮರುದಿನ ಕಾಲಿಗೆ ಅರಿವೆ ಕಟ್ಟಿಕೊಂಡು ಅವರು ಜನರ ಜೊತೆ ಹೊರಟೇ ಹೋದರು. ಶ್ರೀಶೈಲದಿಂದ ಮರಳುವಾಗ ತಾವು ಮನೆಗೆ ಬರದೆ, ನಮ್ಮ ಕಟ್ಟೆಯ ಮೇಲೆ ಇಳಿದವರ ಕೈಯಲ್ಲಿ ನನಗೆ ವಿಭೂತಿ ಕಳಿಸಿದ್ದರು. ಜೊತೆಗೆ, ಸುಗ್ಗಿಗೆ ಬಂದು ಹೋಗು ಎಂಬ ಮಾತು. ಹೋದೆ. ಆಮೇಲೆ ವರ್ಷದಲ್ಲಿ ಎರಡು ಮೂರು ತಿಂಗಳು ಅಲ್ಲಿ, ಉಳಿದದ್ದು ಇಲ್ಲಿ ಎಂದಾಯಿತು. ಅಲ್ಲಿಂದ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದ: "ಬೀಗತಿ ನನ್ನ ಏನರ ಕೇಳಿದ್ರೇನು?"

"ಇಲ್ಲಪ್ಪಾ."

"ಕಾಲು ಹೆಂಗೈತಿ ಅಂತ?"

"ಇಲ್ಲ."

ಸುಳ್ಳು ಹೇಳಬಹುದಿತ್ತು. ಆ ಮೊರಡಿಯ ಮೇಲೆ ಅತ್ತೆಯ ಮಾತು ಕೇಳಿದ ಮೇಲೆ ಹಾದಿ ಕಾಯುವವರಿಗೆ ಸುಳ್ಳು ಹೇಳಲು ನನಗೆ ಆಗುತ್ತಿರಲಿಲ್ಲ. ಅಪ್ಪ ತಲೆಯಾಡಿಸುತ್ತಿದ್ದ. ಅಂದು ಅರ್ಧ ಹರದಾರಿ ನಡೆದದ್ದರಿಂದ ಅವನ ಕಾಲಿನ ಗಾಯ ಮತ್ತೆ ಒಡೆದು, ಮುಂದೆ ಮಾಯಲೇ ಇಲ್ಲ.

ಅವನು ತೀರಿಕೊಂಡದ್ದು ಯುದ್ಧ ಮುಗಿದ ವರ್ಷ. ಕಾಲಿನ ಕೀವು ಮೈಗೆಲ್ಲ ಏರಿತ್ತು. ಮೂರು ದಿನ ಪಕ್ಕದಿಂದ ನಾನು ಎದ್ದಿರಲಿಲ್ಲ. ಕೊನೆಗೆ ನನ್ನ ಕೈ ಹಿಡಿದುಕೊಂಡಿದ್ದ. ಏನನ್ನೂ ಕೇಳಲಿಲ್ಲ.

ಕಾರ್ಯ ಮುಗಿಸಿ ಗಂಡನ ಊರಿಗೆ ಹೋದೆ. ಅತ್ತೆ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಸುದ್ದಿ ಹೇಳಿದೆ. ಮೊರದ ಕೈ ನಿಂತಿತು.

"ನೀ ಹತ್ರ ಇದ್ದೇನು?" ಎಂದು ಕೇಳಿದರು.

"ಇದ್ದೆ."

"ಅಂವಗ ಗೊತ್ತಿತ್ತೇನು, ನೀ ಇದ್ದದ್ದು?"

"ಗೊತ್ತಿತ್ತು."

"ಛಲೋ ಆತು" ಎಂದರು ಅತ್ತೆ. ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ನನಗೆ ಕಾಲು ತೊಳೆಯಲು ನೀರು ತರಲು ಎದ್ದರು.